ಮುಟ್ಟಬೇಡ, ಒಳಗೆ ಕೆಲಸ ನಡೀತಿದೆ

ನನ್ನ ಸೋದರತ್ತೆಗೆ ಆಸ್ಪತ್ರೆಯಲ್ಲಿ ಪಟ್ಟಿಯಮ್ಮ ಎಂದೇ ಹೆಸರು. ಡ್ರೆಸಿಂಗ್ ಕೋಣೆಯ ನರ್ಸು. ಕಿಟಕಿಯ ಪಕ್ಕದ ಎತ್ತರದ ಸ್ಟೂಲು, ಸ್ಟೀಲಿನ ತಟ್ಟೆ, ಗುಂಯ್‌ಗುಡುವ ಟ್ಯೂಬ್‌ಲೈಟು, ಇಷ್ಟೇ ಅವಳ ರಾಜ್ಯ. ಗಾಯ ಬಿಚ್ಚಿದರೆ ಮೊದಲು ಮೂಗಿಗೆ ಕೆಲಸ, ಆಮೇಲೆ ಕಣ್ಣಿಗೆ, ಕೊನೆಗೆ ಬಾಯಿಗೆ. ಬಾಯಿಯ ಸರದಿ ಬಂದರೆ ಮಾತ್ರ ಬೇಗ ಮುಗಿಯುವುದಿಲ್ಲ.

ಒಮ್ಮೆ ಅಲ್ಲಿನ ಸರ್ಜನ್ ಅವಳಿಗೆ ಕಂಪ್ಯೂಟರಿನಲ್ಲಿ ಒಂದು ವಿಡಿಯೊ ತೋರಿಸಿದ್ದರಂತೆ. ಗಾಯ ಮಾಯುವಾಗ ಒಳಗೆ ಏನಾಗುತ್ತದೆ ಎಂಬುದರದ್ದು. ಅಂದಿನಿಂದ ಅವಳು ನಮ್ಮ ಮನೆಗೆ ಊಟಕ್ಕೆ ಬಂದಾಗೆಲ್ಲ ಅದೇ ಉಪ್ಪಿನಕಾಯಿ.

"ಚರ್ಮದ ಜೀವಕೋಶಗಳು ಗಾಯದ ಅಂಚಿನಿಂದ ಒಳಗೆ ತೆವಳ್ಕೊಂಡು ಬರ್ತವೆ ಕಣೇ. ಸುಮ್‌ಸುಮ್ನೆ ಬರಲ್ಲ. ಗಾಯದ ತಳದಲ್ಲಿ ಪ್ರೋಟೀನಿನ ಬಲೆ ಹೆಣ್ಕೊಂಡಿರುತ್ತೆ. ಫೈಬ್ರೊನೆಕ್ಟಿನ್, ಕೊಲಾಜನ್ ಅಂತ. ಜೀವಕೋಶ ಕೈ ಚಾಚಿ ಆ ಎಳೆ ಹಿಡಿದ ತಕ್ಷಣ ಅದರೊಳಗೆ ಸುದ್ದಿ ಹೋಗುತ್ತೆ, ಇಲ್ಲಿ ನೆಲ ಇದೆ ಬಾ ಅಂತ. ಮುಂದೆ ಹಿಡಿಯೋದು, ಹಿಂದೆ ಬಿಡೋದು. ಹಾಗೇ ಬಂದು ಆ ಕಡೆಯವರನ್ನ ಮುಟ್ಟುತ್ತೆ."

"ಅನ್ನ ಬಡಿಸು," ಎನ್ನುತ್ತಿದ್ದ ಅಪ್ಪ.

ಅಪ್ಪ ಟೈಲ್ಸ್ ಹಾಕುವವನು. ಬದುಕೆಲ್ಲ ಮಂಡಿಯೂರಿಯೇ ಕಳೆದವನು, ಟಿವಿ ನೋಡುವುದೂ ಹಾಗೆಯೇ. ಒಂದು ದಿನ ಹಸಿ ಸಿಮೆಂಟು ಪ್ಯಾಂಟಿನೊಳಗೆ ಇಳಿದರೂ ಮೂಲೆ ಮುಗಿಯಲಿ ಎಂದು ಏಳಲಿಲ್ಲ. ಮಂಡಿಯ ಕೆಳಗೆ ಅಂಗೈಯಗಲ ಚರ್ಮ ಸುಟ್ಟು ಕಿತ್ತುಬಂತು.

ಬೇರೆಯವರ ಕೈಗೆ ಕೊಡಲು ಅತ್ತೆ ಒಪ್ಪುವವಳೇ? ತಾನೇ ಪಟ್ಟಿ ಕಟ್ಟಿದಳು. ಆದರೆ ಊರವರ ಗಾಯಗಳೆಲ್ಲ ಮಾಯುತ್ತಿದ್ದರೆ ಅಣ್ಣನದು ಮಾತ್ರ ಇದ್ದಲ್ಲೇ ಇತ್ತು. ಪ್ರತಿ ಸಲವೂ ಆಗಷ್ಟೇ ಆದ ಗಾಯದಂತೆ ಕೆಂಪಗೆ ನೋಡುತ್ತಿತ್ತು. ಮುಂದಿನ ವಾರಕ್ಕೂ ಹೀಗೇ ಇದ್ದರೆ ತೊಡೆಯ ಚರ್ಮ ತೆಗೆದು ಗಾಯಕ್ಕೆ ಕಸಿ ಮಾಡಬೇಕು, ಆಮೇಲೆ ಮಂಡಿಯೂರುವ ಕೆಲಸ ಬಿಡಬೇಕಾಗಬಹುದು ಎಂದರು ಸರ್ಜನ್. ಅಪ್ಪ ತಲೆಯಾಡಿಸಿ ಮನೆಗೆ ಬಂದು ಸಿಮೆಂಟು ಹಾಸುವ ಕರಣೆಯನ್ನು ಸುಮ್ಮನೆ ಒರೆಸುತ್ತ ಕೂತ. ಅತ್ತೆಗೆ ಊಟ ಸೇರಲಿಲ್ಲ, ಅವಳ ಉಪ್ಪಿನಕಾಯಿಯೂ ನಿಂತುಹೋಯಿತು.

ಮರುದಿನ ಮಧ್ಯಾಹ್ನ ಅವಳು ಮನೆಗೇ ಬಂದು ಪ್ಯಾಂಟು ಮಡಚಿಸಿದಳು. ಆಸ್ಪತ್ರೆಯ ಗದ್ದಲದಲ್ಲಿ ನೋಡದೆಯೇ ಕಿತ್ತೆಸೆಯುತ್ತಿದ್ದ ಪಟ್ಟಿಯನ್ನು ಬಿಚ್ಚಲು ಕೈಯಿಟ್ಟವಳು ತಡೆದು, ಕತ್ತು ಓರೆ ಮಾಡಿ ನೋಡಿದಳು. ಅತ್ತೆ ಟೇಪು ಅಂಟಿಸುವುದು ಮಕ್ಕಳು ಗಾಳಿಪಟಕ್ಕೆ ತೇಪೆ ಹಾಕಿದಂತೆ, ಅಡ್ಡಾದಿಡ್ಡಿ. ಇಲ್ಲಿ ನಾಲ್ಕೂ ಬದಿ ಗೆರೆ ಎಳೆದಷ್ಟು ನೇರ, ಮೂಲೆಗಳು ಅಚ್ಚುಕಟ್ಟಾಗಿ ಕೂಡಿದ್ದವು.

"ಇದು ನನ್ನ ಕೈ ಅಲ್ಲ," ಎಂದಳು. "ಅಣ್ಣ, ಪಟ್ಟಿ ಬಿಚ್ಚಿದ್ಯಾ?"

ಅಪ್ಪ ಮಡಚಿದ ಪ್ಯಾಂಟನ್ನು ಕೆಳಗೆಳೆಯಹೋದ.

"ದಿನಾ?"

"ಬೆಳಿಗ್ಗೆ ಸ್ವಲ್ಪ. ಹೊಸ ಸ್ಪಂಜು, ಬಿಸಿನೀರು. ಏನೋ ಜಿಗುಟು ಕೂತಿರ್ತಿತ್ತು, ಉಜ್ಜಿ ತೆಗೀತಿದ್ದೆ. ತಳ ಶುದ್ಧ ಮಾಡ್ದೆ ಕೂರಿಸಿದ್ರೆ ಯಾವ ಟೈಲ್ಸೂ ನಿಲ್ಲಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳೇ? ಅತ್ತೆ ಬೈಯುತ್ತಾಳೆಂದು ನಾನು ಕಾದೆ. ಅವಳು ನೆಲದ ಮೇಲೆ ಕೂತು ಅತ್ತುಬಿಟ್ಟಳು. ತನ್ನ ಕೈಗುಣವೇ ಹೋಯಿತೆಂದು ಇಷ್ಟು ದಿನ ಹೆದರಿದ್ದಳಂತೆ.

"ಅದು ಕೊಳೆ ಅಲ್ಲ ಅಣ್ಣ. ಅದೇ ಆ ಬಲೆ. ನೀನು ಸಂಜೆ ಹಾಸಿದ ಸಿಮೆಂಟನ್ನ ನಾನು ಬೆಳಿಗ್ಗೆ ಬಂದು ಕೆರೆದು ತೆಗೆದ್ರೆ ನೀನು ಟೈಲ್ಸ್ ಎಲ್ಲಿ ಕೂರಿಸ್ತೀಯ? ಅಂಚಿನಲ್ಲಿ ನಿಂತಿರೋ ಜೀವಕೋಶಗಳು ಎಲ್ಲಿ ಕಾಲಿಡಬೇಕು?"

ಅಪ್ಪ ಪಟ್ಟಿಯ ನೇರ ಅಂಚನ್ನು ಬೆರಳಲ್ಲಿ ಸವರಿದ. "ಮೊದಲೇ ಹೇಳಬಾರದಿತ್ತಾ?"

"ಊಟಕ್ಕೆ ಕೂತಾಗೆಲ್ಲ ಹೇಳಿದ್ದೀನಿ."

"ಊಟ ಮಾಡ್ತಾ ಇದ್ದೆನಲ್ಲ."

ಅತ್ತೆ ಅಳುತ್ತಲೇ ನಕ್ಕಳು. ಹೊಸ ಪಟ್ಟಿ ಹಾಕಿ, ಟೇಪನ್ನು ಬೇಕೆಂದೇ ಇನ್ನಷ್ಟು ಸೊಟ್ಟಗೆ ಅಂಟಿಸಿ, "ಮುಟ್ಟಬೇಡ, ಒಳಗೆ ಕೆಲಸ ನಡೀತಿದೆ," ಎಂದು ಹೋದಳು. ಆ ಸೊಟ್ಟ ಟೇಪು ನೋಡುವುದು ಅಪ್ಪನಿಗೆ ಗಾಯಕ್ಕಿಂತ ದೊಡ್ಡ ಶಿಕ್ಷೆ. ಆದರೂ ಮುಟ್ಟಲಿಲ್ಲ. ಮುಂದಿನ ವಾರ ಅಂಚಿನಿಂದ ತಿಳಿಗುಲಾಬಿ ಚರ್ಮ ಒಳಗೆ ಹೊರಟಿತ್ತು. ಸರ್ಜನ್ ತೊಡೆಯ ಮಾತು ಎತ್ತಲಿಲ್ಲ. ನಿಧಾನವಾಗಿ, ತನ್ನ ಪಾಡಿಗೆ ತಾನು, ಅದು ಮುಚ್ಚಿಕೊಂಡಿತು.

ಗುಣವಾದ ಮೇಲೆ ಅಪ್ಪ ಹಿಡಿದ ಮೊದಲ ಕೆಲಸ ಅತ್ತೆಯ ಅಡುಗೆಮನೆಯದು. ಸಂಜೆ ಡ್ಯೂಟಿ ಮುಗಿಸಿ ಹಸಿದು ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಹೊರಟಳು. ಅಪ್ಪ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದ.

"ಮುಟ್ಟಬೇಡ, ಒಳಗೆ ಕೆಲಸ ನಡೀತಿದೆ."

ಬೇರೆ ದಿನವಾಗಿದ್ದರೆ ಬೀದಿಗೆ ಕೇಳುವಂತೆ ಜಗಳವಾಡುತ್ತಿದ್ದಳು. ಅಂದು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಹೊಸ ನೆಲವನ್ನು ಅವಳು ನೋಡಲೇ ಇಲ್ಲ. ಅಣ್ಣ ಊರಿದ್ದ ಮಂಡಿಯನ್ನೇ ನೋಡುತ್ತಿದ್ದಳು.