ಈರಣ್ಣನ ಭುಜವನ್ನು ನಾನು ಅಳೆದ ಬಗೆ

ಅಂಗಿ ತೊಡಲು ನನಗೆ ಈಗ ಹತ್ತು ನಿಮಿಷ ಬೇಕು. ಬಲಗೈ ಸಲೀಸಾಗಿ ತೋಳಿನೊಳಗೆ ಇಳಿಯುತ್ತದೆ. ಎಡಗೈ ಅರ್ಧ ದಾರಿಯಲ್ಲಿ ನಿಂತು ಇನ್ನು ಮುಂದೆ ಬರಲಾರೆ ಎಂದು ಹಟ ಹಿಡಿಯುತ್ತದೆ. ನಾನು ಬಾಗಿ, ತಿರುಗಿ, ಗೋಡೆಗೆ ಆನಿಕೊಂಡು ಅದನ್ನು ಒಳಗೆ ತೂರಿಸುವ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದ, "ಮುಗೀತೇನ್ರಿ ಕುಸ್ತಿ? ಗೆದ್ದೋರು ಯಾರು?" ಎಂದು ಕೇಳುತ್ತಾಳೆ. ಹೆಚ್ಚಿನ ದಿನ ಗೆದ್ದಿರುವುದು ಅಂಗಿಯೇ.

ಭುಜ ಬಿಗಿದುಕೊಂಡಿದೆ ಎಂದರು ಡಾಕ್ಟರು. ನಾನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಬಿಗಿದುಕೊಂಡ ಬೇರಿಂಗಿಗೆ ಏನು ಮಾಡಬೇಕೆಂದು ನನಗೆ ಹೇಳಿಕೊಡಬೇಕಾಗಿಲ್ಲ. ಗ್ರೀಸ್ ಹಾಕಬೇಕು, ಮೆಲ್ಲಗೆ ತಿರುಗಿಸಬೇಕು, ಬಗ್ಗದಿದ್ದರೆ ಸುತ್ತಿಗೆ ತರಬೇಕು. ಭುಜಕ್ಕೆ ಸುತ್ತಿಗೆಯ ಅಗತ್ಯವಿಲ್ಲವೆಂದು ಡಾಕ್ಟರು ನನ್ನನ್ನು, ನಾನು ಈಗಿರುವ ಬಳ್ಳಾರಿಯಲ್ಲೇ, ಒಂದು ವ್ಯಾಯಾಮ ಚಿಕಿತ್ಸೆಯ ಕೋಣೆಗೆ ಕಳಿಸಿದರು. ಅಲ್ಲಿ ದಿನಾ ಗೋಡೆಯ ಮೇಲೆ ಬೆರಳುಗಳನ್ನು ಜೇಡರಹುಳದಂತೆ ಹತ್ತಿಸುವುದು ನನ್ನ ಕೆಲಸ. ಸಂಗನಕಲ್ಲಿನ ಗುಡ್ಡದಲ್ಲಿ ಕುಳಿತು ಕಲ್ಲನ್ನು ಕಲ್ಲಿಗೆ ತೀಡಿ ಕೊಡಲಿ ಮಾಡುತ್ತಿದ್ದ ಹಿಂದಿನ ಕಾಲದ ಜನರಿಗೂ ಭುಜ ಬಿಗಿದುಕೊಳ್ಳುತ್ತಿದ್ದಿರಬೇಕು, ಅವರು ಯಾವ ಬಂಡೆಯ ಮೇಲೆ ಬೆರಳು ಹತ್ತಿಸುತ್ತಿದ್ದರೋ ಎಂದೆಲ್ಲ ಯೋಚಿಸುತ್ತ ನಾನು ಗೋಡೆ ಹತ್ತುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದವನಿಗೆ ಯೋಚನೆಗೇನೂ ಬರವಿಲ್ಲ.

ಹಾಗೆ ಗೋಡೆ ಹತ್ತುತ್ತಿದ್ದ ಒಂದು ದಿನ ಪಕ್ಕದ ಮಂಚದಲ್ಲಿ ಆ ಯಂತ್ರ ಕಂಡಿತು.

ವಾಲಿಬಾಲ್ ಆಡುವ ಒಬ್ಬ ಹೆಣ್ಣುಮಗಳು ಅಲ್ಲಿ ಕುಳಿತಿದ್ದಳು. ಅವಳ ಭುಜ ನನ್ನದರ ತದ್ವಿರುದ್ಧ: ಸಡಿಲ. ಚೆಂಡು ಹೊಡೆಯುವಾಗ ಕೀಲು ಜಾರುತ್ತದಂತೆ. ಚಿಕಿತ್ಸೆ ಕೊಡುವ ಸುಮಾ ಮೇಡಂ ಒಂದು ಮೆತ್ತೆಯನ್ನು ಅವಳ ಭುಜದ ತುದಿಯ ಎಲುಬಿಗೂ ಇನ್ನೊಂದನ್ನು ತೋಳಿನ ಮೇಲ್ಭಾಗಕ್ಕೂ ಕಟ್ಟಿದ್ದರು. ಸ್ಪ್ರಿಂಗ್ ಇರುವ ಹಿಡಿಯಿಂದ ತೋಳನ್ನು ಇಷ್ಟೇ ಬಲ ಎಂದು ನೋಡಿಕೊಂಡು ಕೆಳಗೆ ಎಳೆಯುವುದು, ಎರಡು ಮೆತ್ತೆಗಳ ನಡುವಿನ ಅಂತರ ಎಷ್ಟು ಹೆಚ್ಚಿತೆಂದು ಗಡಿಯಾರದಂಥ ಮುಖದಲ್ಲಿ ಓದುವುದು. ಆ ಮುಖ ನೋಡಿದೊಡನೆ ನನ್ನ ಬೆರಳು ಗೋಡೆಯ ಮೇಲೆ ನಿಂತುಬಿಟ್ಟಿತು. ಅದು ಡಯಲ್ ಗೇಜ್. ಗಿರಣಿಯ ಶಾಫ್ಟ್ ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ಓಡಿಸಿ ಹೇಳುವ ನನ್ನ ಹಳೆಯ ಗೆಳೆಯ.

"ಬಿಗಿ ಹಿಡಿಬ್ಯಾಡವಾ, ಕೈ ಸತ್ತಂಗ ಬಿಡು," ಎಂದರು ಸುಮಾ ಮೇಡಂ ಆ ಹುಡುಗಿಗೆ. "ಬಿಗಿ ಹಿಡಿದ್ರ ಎಂಥಾ ಲೂಸ್ ಭುಜಾನೂ ಸೊನ್ನಿ ತೋರಸ್ತೈತಿ."

ನಾನು ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತೆ. ಎರಡೂ ಭುಜ ಯಾಕೆ ಅಳೆಯುತ್ತೀರಿ ಎಂದು ಕೇಳಿದೆ. ಕೆಲವರು ಹುಟ್ಟಾ ಸಡಿಲ ಇರುತ್ತಾರೆ, ಸಡಿಲವೇ ರೋಗವಲ್ಲ, ಇನ್ನೊಂದು ಭುಜಕ್ಕೆ ಹೋಲಿಸಿ ನೋಡಬೇಕು, ನೋವು ಇದೆಯೇ, ಜಾರುತ್ತದೆಯೇ ಎಂದು ಆ ಮನುಷ್ಯನನ್ನೂ ಕೇಳಬೇಕು ಎಂದರು. ಮುಳ್ಳು ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಯಾರನ್ನು ನಂಬುತ್ತೀರಿ ಎಂದೆ. "ಮತ್ತೊಮ್ಮೆ ಅಳಿತೀನ್ರಿ ಅಜ್ಜಾರ. ಮನಶಾ ಸುಮ್ಮಸುಮ್ಮನ ಯಾಕ ಹೇಳ್ತಾನ?" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಈರಣ್ಣ ನೆನಪಾಗಿದ್ದ.

ಈರಣ್ಣ ನಮ್ಮ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹಮಾಲರ ಗ್ಯಾಂಗಿನಲ್ಲಿ ಒಂದು ಪದ್ಧತಿಯಿತ್ತು. ಯಾರಿಗಾದರೂ ಪೆಟ್ಟಾದರೆ, ವಾಸಿಯಾಗುವವರೆಗೆ ಉಳಿದವರು ದಿನಕ್ಕೆ ಒಂದೊಂದು ಚೀಲ ಅವನ ಹೆಸರಿನಲ್ಲಿ ಹೊರುತ್ತಿದ್ದರು. ಆ ಕೂಲಿ ಅವನ ಮನೆಗೆ ಹೋಗುತ್ತಿತ್ತು. ಹೆಸರಿನ ಚೀಲ ಎಂದೇ ಅದನ್ನು ಕರೆಯುತ್ತಿದ್ದರು. ಈರಣ್ಣ ತನ್ನ ಬಲಭುಜ ಜಾರುತ್ತದೆ ಎಂದಾಗ ಗ್ಯಾಂಗಿಗೆ ಅನುಮಾನ ಬಂತು. ಗಾಯವಿಲ್ಲ, ಬಾವಿಲ್ಲ, ನೋಡಿದರೆ ಆಳು ಕಂಬದ ಹಾಗಿದ್ದಾನೆ. ಸಾಹುಕಾರರು ತಮಾಷೆಗೆ ನನ್ನ ಕಡೆ ತಿರುಗಿ, "ಏಮಯ್ಯಾ ಫಿಟ್ಟರ್, ಶಾಫ್ಟಿನ ಲೂಸು ಹಿಡಿತೀ, ಇವನ ಭುಜದ ಲೂಸು ಹಿಡಿ ನೋಡಮು!" ಎಂದರು.

ನಾನು ನಕ್ಕು ಸುಮ್ಮನಿರಬಹುದಿತ್ತು. ಆದರೆ ಹೋಗಿ ಗೇಜಿನ ಪೆಟ್ಟಿಗೆಯನ್ನು ತಂದೆ.

ಈರಣ್ಣನ ಅಂಗಿ ಬಿಚ್ಚಿಸಿ ಅವನನ್ನು ಚೀಲದ ಮೇಲೆ ಕೂಡಿಸಿದೆ. ಗೇಜಿನ ಅಯಸ್ಕಾಂತದ ಕಾಲನ್ನು ಅವನ ಹಿಂದಿನ ಕಬ್ಬಿಣದ ಕಂಬಕ್ಕೆ ಅಂಟಿಸಿ, ಕಡ್ಡಿಯನ್ನು ತೋಳಿನ ನೆತ್ತಿಗೆ ತಾಗಿಸಿದೆ. ಮೊಣಕೈಗೆ ಟವೆಲ್ ಸುತ್ತಿ, ಅದಕ್ಕೆ ಭತ್ತದ ಮಾದರಿ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ. ಇಡೀ ಗ್ಯಾಂಗು ಸುತ್ತ ನಿಂತಿತ್ತು. ಈರಣ್ಣ ನಾಚಿಕೆಯಿಂದ ಮರಗಟ್ಟಿ ಹೋಗಿದ್ದ. ಮುಳ್ಳು ಅಲುಗಲಿಲ್ಲ. "ಸೊನ್ನಿ!" ಎಂದು ಕೂಗಿದೆ. ಎಲ್ಲರೂ ಕೇಕೆ ಹಾಕಿದರು. ಇನ್ನೊಮ್ಮೆ ಎಳೆದೆ. ಸೊನ್ನಿ. ಮತ್ತೆ ಕೇಕೆ. ಅಷ್ಟು ಜನ ನನ್ನ ಕೆಲಸಕ್ಕೆ ಕೇಕೆ ಹಾಕಿದ್ದು ಅದೇ ಮೊದಲು.

ಮೂರನೆಯ ಸಲ ಎಳೆಯುವಾಗ ಯಾರೋ ಏನೋ ಚೇಷ್ಟೆಯ ಮಾತಾಡಿದರು. ಈರಣ್ಣನಿಗೂ ನಗು ಬಂತು, ಮೈ ಸಡಿಲ ಬಿಟ್ಟ. ಮುಳ್ಳು ಹೆಚ್ಚುಕಡಿಮೆ ಒಂದು ಸುತ್ತು ಓಡಿತು.

ಡಯಲ್ ಗೇಜಿಗೆ ಒಂದು ಹೊರಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸೊನ್ನೆಯ ಗುರುತನ್ನು ಮುಳ್ಳು ನಿಂತಲ್ಲಿಗೇ ತರಬಹುದು. ಅಳತೆ ಶುರು ಮಾಡುವ ಮುನ್ನ ಬಳಸಲೆಂದು ಇರುವ ಅನುಕೂಲ ಅದು. ನಾನು ಅಳತೆ ಮುಗಿದ ಮೇಲೆ ಬಳಸಿದೆ. ಮುಖ ನನ್ನ ಕಡೆಗಿತ್ತು, ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಹೆಬ್ಬೆರಳಿನಿಂದ ಬಳೆ ತಿರುಗಿಸಿ ಮೂರನೆಯ ಸಲವೂ "ಸೊನ್ನಿ" ಎಂದೆ. ಸಾಹುಕಾರರೇನೂ ನನಗೆ ಹಾಗೆ ಹೇಳೆಂದಿರಲಿಲ್ಲ. ಎರಡು ಸಲ ಕೂಗಿದ್ದನ್ನು ಮೂರನೆಯ ಸಲ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ, ಅಷ್ಟೇ.

ಈರಣ್ಣನಿಗೆ ಹೆಸರಿನ ಚೀಲ ಸಿಗಲಿಲ್ಲ. ಎಂಟನೆಯ ದಿನ ಲಾರಿಗೆ ಹಾಕಿದ ಹಲಗೆಯ ಮೇಲೆ ಚೀಲ ಹೊತ್ತು ಹತ್ತುವಾಗ ತೋಳು ಕೀಲು ಬಿಟ್ಟು, ಚೀಲದ ಸಮೇತ ಬಿದ್ದ. ಆಗಲೂ ನಾಟಕವೆಂದೇ ಅಂದರು. ಫಿಟ್ಟರ್ ಅಳೆದಿದ್ದಾನಲ್ಲ! ಅವನಿಗೆ ಸೊನ್ನಿ ಈರಣ್ಣ ಎಂಬ ಹೆಸರು ಬಿತ್ತು. ಮುಂದಿನ ಸುಗ್ಗಿಗೆ ಅವನು ಗಿರಣಿ ಬಿಟ್ಟು ಕುರುಗೋಡಿಗೆ ಹೋದ.

ಸುಮಾ ಮೇಡಂ ಯಂತ್ರ ಕಂಡ ದಿನ ಸಂಜೆ, ಇಷ್ಟು ವರ್ಷ ಯಾರಿಗೂ ಹೇಳದ ಇದನ್ನು ಮೊದಲು ಹೆಂಡತಿಗೆ ಹೇಳಿದೆ. "ನನಗ್ಯಾಕ ಹೇಳ್ತೀರಿ? ನನ್ನ ಭುಜ ಏನ್ ಅಳದಿಲ್ಲಲ್ಲ ನೀವು," ಎಂದಳು. ಮರುದಿನ ಕುರುಗೋಡಿನ ಬಸ್ಸು ಹತ್ತಿದೆ.

ಅಲ್ಲಿ ಈರಣ್ಣ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟಿದ್ದಾನೆ. ಎಡಗೈಯಲ್ಲೇ ತೂಗುತ್ತಾನೆ. ನನ್ನ ಗುರುತು ಹಿಡಿದು, "ಫಿಟ್ಟರ್ ಅಲ್ಲೇನು? ಏನು, ಎಮ್ಮಿ ಕಟ್ಟೀಯೇನು?" ಎಂದ. ನಾನು, ಎಪ್ಪತ್ತು ದಾಟಿದವನು, ತಪ್ಪೊಪ್ಪಿಕೊಳ್ಳಲೆಂದೇ ಅಷ್ಟು ದೂರ ಹೋದವನು, "ಹೂಂ," ಎಂದೆ. ಐದು ಕೆಜಿ ಬೂಸಾ ಹಿಡಿದು ಬಳ್ಳಾರಿಗೆ ಮರಳಿದೆ. "ಇದನ್ನ ತಿನ್ನೋರು ಯಾರು? ನೀವಾ?" ಎಂದಳು ಹೆಂಡತಿ. ಇಂಥವನನ್ನು ಇನ್ನು ನಂಬಬಾರದೆಂದು ತೀರ್ಮಾನಿಸಿ, ಮಾರನೆಯ ಬೆಳಿಗ್ಗೆ ನನ್ನನ್ನು ನಾನೇ ಕತ್ತು ಹಿಡಿದು ಕರೆದೊಯ್ದಂತೆ ಮತ್ತೆ ಹೋದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಎಲ್ಲವನ್ನೂ ಹೇಳಿದೆ: ಮುಳ್ಳು ಓಡಿದ್ದು, ಬಳೆ ತಿರುಗಿಸಿದ್ದು, ಎಮ್ಮೆ ಇಲ್ಲದ್ದು.

ಈರಣ್ಣ ತಕ್ಕಡಿಯ ತಟ್ಟೆ ಒರೆಸಿದ.

"ಎಮ್ಮಿ ಇಲ್ಲಂತ ನಿನ್ನೇನ ಗೊತ್ತಾತು," ಎಂದ. "ಎಮ್ಮಿ ಕಟ್ಟಿದೋರು ಐದು ಕೆಜಿ ಬೂಸಾ ಒಯ್ಯಂಗಿಲ್ಲ." ಆಮೇಲೆ ದನಿ ಇಳಿಸಿ, "ನನ್ನ ಭುಜ ಜಾರತಿತ್ತು ಅಂತ ನನಗ ಹೇಳಾಕ ಬಂದೀಯೇನಲೇ? ನನಗ ಗೊತ್ತಿಲ್ಲೇನು ಅದು? ಗ್ಯಾಂಗಿನೋರಿಗೆ ಹೇಳು. ನಾ ಕಳ್ಳ ಅಂತ ತಿಳಕೊಂಡು ಸಾಯೋದು ಬ್ಯಾಡ ಅವರು."

ನನಗೆ ಕ್ಷಮೆ ಸಿಗಲಿಲ್ಲ, ಕೆಲಸ ಸಿಕ್ಕಿತು. ಫಿಟ್ಟರನಿಗೆ ಅದೇ ಒಳ್ಳೆಯದು.

ಆ ಗ್ಯಾಂಗಿನಲ್ಲಿ ಈಗ ಉಳಿದವರು ಇಬ್ಬರು, ಖಾಜಾಸಾಬ್ ಮತ್ತು ಹನುಮಂತಪ್ಪ. ಸಿರುಗುಪ್ಪದಲ್ಲಿ ಗಿರಣಿಯ ಎದುರಿನ ಚಹದಂಗಡಿಯ ಬೆಂಚೇ ಅವರ ಮನೆ. ಚಹ ಬರುವ ಮುಂಚೆಯೇ ಹೇಳಿ ಮುಗಿಸಿದೆ, ಬಂದ ಮೇಲೆ ಧೈರ್ಯ ಕರಗೀತೆಂದು. ಹನುಮಂತಪ್ಪ ನೆಲ ನೋಡಿದ. ಖಾಜಾಸಾಬ್ ನನ್ನನ್ನೇ ನೋಡಿ ಕೇಳಿದ:

"ಅವತ್ತು ಮಷೀನ್ ಇಟ್ಟು ಹೇಳಿದಿ, ನಂಬಿದ್ವಿ. ಅದು ಸುಳ್ಳಂತ. ಇವತ್ತು ಬರೇ ಬಾಯಿಲೆ ಹೇಳ್ತೀ. ಇದನ್ನ ನಂಬಬೇಕೇನು?"

ಈರಣ್ಣನನ್ನು ಬಳ್ಳಾರಿಗೆ ಕರೆದೊಯ್ದು ಅಳೆಸಬಹುದಿತ್ತು, ಸುಮಾ ಮೇಡಂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಆ ಮನುಷ್ಯನ ಭುಜಕ್ಕೆ ಇನ್ನೊಮ್ಮೆ ಕಡ್ಡಿ ತಾಗಿಸಲು ನಾನು ಬಿಡುವುದಿಲ್ಲ. "ನಂಬೋತನಕ ದಿನಾ ಬರ್ತೀನಿ," ಎಂದೆ. ಬಂದೆ ಕೂಡ. ನಾಲ್ಕು ದಿನ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಅದನ್ನೇ, ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದೆ. ಐದನೆಯ ದಿನ ಚಹದಂಗಡಿಯವನು, "ಸಾಕು ಬಿಡ್ರಿ ಯಜಮಾನ್ರ, ನನಗೂ ಬಾಯಿಪಾಠ ಆತು," ಎಂದ.

ಆಗ ಖಾಜಾಸಾಬ್ ಬಾಯಿ ಬಿಟ್ಟ. "ನಂಬೋದೇನು ದೊಡ್ಡದಲ್ಲಪ್ಪ. ಮೊದಲ್ನೇ ದಿನಾನೇ ನಂಬೀನಿ. ಆದ್ರ ನಂಬಿದೆ ಅಂತ ಒಪ್ಪಿದ್ರ ನಾವೂ ಅವನ ಮುಂದ ಹೋಗಿ ನಿಲ್ಲಬೇಕಾಗ್ತೈತಿ. ನಮ್ಮೊಳಗ ಒಬ್ಬನಾದ್ರೂ ಒಂದು ಚೀಲ ಹೊತ್ತನೇನು ಅವನ ಹೆಸರಿಲೆ?"

"ಸಿರಿಗೇರಿ ಮ್ಯಾಲೆ ಕುರುಗೋಡಿಗೆ ಹೋಗೋ ಬಸ್ಸು ಇನ್ನ ಹೊಂಟಿಲ್ಲ," ಎಂದೆ.

ಮೂವರೂ ಹತ್ತಿದೆವು. ದಾರಿಯುದ್ದಕ್ಕೂ ಅವರಿಬ್ಬರಿಗೆ ಯಾರು ಮೊದಲು ಮಾತಾಡಬೇಕೆಂಬ ಜಗಳ. ಗ್ಯಾಂಗಿನ ಹಿರಿಯ ನೀನು ಎಂದು ಹನುಮಂತಪ್ಪ, ಜೋರಾಗಿ ನಕ್ಕವನು ನೀನು ಎಂದು ಖಾಜಾಸಾಬ್. ಕುರುಗೋಡಿನಲ್ಲಿ ಇಳಿದು ಅಂಗಡಿ ಮುಟ್ಟಿದಾಗ ಇಬ್ಬರೂ ಒಬ್ಬರನ್ನೊಬ್ಬರು ಮುಂದಕ್ಕೆ ದೂಡಿದರು. ಈರಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಹೊರಗೆ ಬಂದು ಮೂವರು ಮುದುಕರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಖಾಜಾಸಾಬ್ ಕಣ್ಣು ತುಂಬಿಕೊಂಡು, ಎರಡು ಕೈಯಿಂದ ಅವನ ಬಲಗೈ ಹಿಡಿದು ತನ್ನೆದೆಗೆ ಎಳೆದುಕೊಂಡ.

"ಮೆತ್ತಗ ಹಿಡಿಯೋ ಮಾರಾಯ," ಎಂದ ಈರಣ್ಣ, "ಅದು ಲೂಸ್ ಐತಿ."

ಖಾಜಾಸಾಬ್ ತಟ್ಟನೆ ಬಿಟ್ಟು ಎಡಗೈ ಹಿಡಿದುಕೊಂಡ. ಹನುಮಂತಪ್ಪ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಟ್ಟ. ಎಷ್ಟು ಲೂಸು ಎಂದು ಯಾರೂ ಕೇಳಲಿಲ್ಲ.