ಬೆಲ್ಲ ನೀರಿನ ಉಪಚಾರ

ಪರ್ಕಳದಲ್ಲಿ ಬಾಡಿಗೆ ಮನೆ ಹಿಡಿದು, ವರ್ಷಗಟ್ಟಲೆ ಬೀದಿಯಲ್ಲೇ ಬದುಕಿದ ಹೆಂಗಸರಿಗೆ ಆಶ್ರಯ ಕೊಡಲು ಹೊರಟಾಗ ನನಗೊಂದು ಹಟವಿತ್ತು. ಯಾರೇ ಬರಲಿ, ನಮ್ಮ ಮನೆಗಳಲ್ಲಿ ನೆಂಟರಿಗೆ ಮಾಡುವಂತೆಯೇ ಚಾವಡಿಯಲ್ಲಿ ಕೂರಿಸಿ, ಕುಡಿಯಲು ನೀರು, ಜೊತೆಗೆ ಬೆಲ್ಲದ ತುಂಡು ಕೊಡಬೇಕು. ಹೊಸತರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಕಾರ್ಕಳದ ಬಸ್ ನಿಲ್ದಾಣದಲ್ಲಿದ್ದ ಅಜ್ಜಿಯೊಬ್ಬರನ್ನು ಕರೆತಂದೆವು. ಅವರ ಕಾಲಿನಲ್ಲಿ ದೊಡ್ಡ ಹುಣ್ಣು. ದಿನವೂ ತೊಳೆದು ಕಟ್ಟದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಮಣಿಪಾಲದ ಡಾಕ್ಟರು ಹೇಳಿದರು. ಅಜ್ಜಿ ಬೆಲ್ಲ ತಿಂದು ನೀರು ಕುಡಿದರು, ಉಂಡರು, ಮಲಗಿದರು. ಬೆಳಿಗ್ಗೆ ಗಂಟು ಹಿಡಿದು ಕೈಮುಗಿದು ನಿಂತರು.

"ಬರ್ತೇನೆ ಆಯ್ತಾ. ತುಂಬಾ ಉಪಕಾರ ಆಯ್ತು."

ಗೋಗರೆದರೂ ನಿಲ್ಲಲಿಲ್ಲ. ಮತ್ತೆ ಹೋಗಿ ಕರೆತಂದೆ. ಈ ಸಲ ಇನ್ನೂ ದೊಡ್ಡ ಬೆಲ್ಲದ ತುಂಡು, ಇನ್ನೂ ಹೆಚ್ಚಿನ ಉಪಚಾರ. ಅಜ್ಜಿ ಇನ್ನೂ ಬೇಗ ಹೊರಟರು. ಅಷ್ಟರಲ್ಲಿ ಹುಣ್ಣಿನಿಂದ ವಾಸನೆ ಬರತೊಡಗಿತ್ತು. ಮೂರನೆಯ ಸಲ ಕಾರ್ಕಳದಿಂದ ರಿಕ್ಷಾದಲ್ಲಿ ಬರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

"ನಮ್ಮಲ್ಲಿ ನಿಮಗೆ ಎಂತ ಕಡಿಮೆ ಆದದ್ದು?"

"ಕಡಿಮೆ ಎಂತ ಇಲ್ಲ ಮಗಾ. ನೆಂಟರ ಮನೆಯಲ್ಲಿ ಎಷ್ಟು ದಿನ ಕೂತು ತಿನ್ನುವುದು? ಮರ್ಯಾದೆ ಉಂಟಲ್ವಾ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನೆಂಟರಂತೆ ಉಪಚರಿಸಿ, ಪ್ರೀತಿಯಿಂದಲೇ ನಾನು ಅವರನ್ನು ಬೀಳ್ಕೊಡುತ್ತಿದ್ದೆ.

ಅಂದು ಚಾವಡಿಗೆ ಕರೆಯಲಿಲ್ಲ. ಹಿಂಬಾಗಿಲಿನಿಂದ ನೇರ ಅಡುಗೆಮನೆಗೆ ಕರೆದೊಯ್ದೆ. ನಮ್ಮ ಅಡುಗೆಯವರು ಕಾಪುವಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಎಲ್ಲರಿಗೂ ಅವರು ಬಾಯಮ್ಮ. ಬೈಯದೆ ಯಾರಿಗೂ ಬಡಿಸಿದವರಲ್ಲ. ಅವರಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ; ಅಜ್ಜಿಯನ್ನು ಕಂಡದ್ದೇ ಗದರಿದರು.

"ಎಲ್ಲಿ ತಿರುಗಲಿಕ್ಕೆ ಹೋದದ್ದು ನೀವು? ಕಾಯಿ ಯಾರು ತುರಿಯುವುದು, ನಿಮ್ಮ ಅಜ್ಜನಾ?"

ಅಜ್ಜಿ ಗಂಟು ಮೂಲೆಗಿಟ್ಟು, ಕೈ ತೊಳೆದು, ನೋವಿನ ಕಾಲನ್ನು ಚಾಚಿಕೊಂಡೇ ತುರಿಮಣೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿದರು.

"ಇದು ಎಂತ ಕಾಯಿ? ಬೆಳೆದದ್ದೇ ಅಲ್ಲ. ಅಂಗಡಿಯವ ನಿಮ್ಮನ್ನು ಮಂಗ ಮಾಡಿದ್ದಾನೆ."

ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆದರೂ ಬೆಳಿಗ್ಗೆ ಅಜ್ಜಿ ಮತ್ತೆ ಗಂಟು ಹಿಡಿದು ನಿಂತರೆ ಎಂದು ರಾತ್ರಿಯಿಡೀ ಯೋಚನೆ.

ಬೆಳಿಗ್ಗೆ ಎದ್ದು ನೋಡಿದರೆ ಮೂಲೆಯಲ್ಲಿ ಗಂಟು ಇರಲಿಲ್ಲ. ಅಂಗಳಕ್ಕೆ ಓಡಿದೆ. ಹಗ್ಗದ ಮೇಲೆ ಅಜ್ಜಿಯ ಎರಡೂ ಸೀರೆಗಳು, ಗಂಟು ಕಟ್ಟಿದ್ದ ಬಟ್ಟೆಯೂ ಸೇರಿ, ನೀರು ತೊಟ್ಟಿಕ್ಕುತ್ತಾ ನೇತಾಡುತ್ತಿದ್ದವು. ಬಾಯಮ್ಮನ ದೊಗಳೆ ನೈಟಿ ಹಾಕಿಕೊಂಡು ಅಜ್ಜಿ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಿದ್ದರು.

"ಎಷ್ಟು ಹೊತ್ತು ಕಾಯುವುದು ಮಾರಾಯ್ತಿ? ಬೇಗ ಕಾಲು ಕಟ್ಟು. ಒಳಗೆ ಕೆಲಸ ಉಂಟು ನನಗೆ."

ನನಗೆ ಅಳು ಬಂತು. ಮುಖ ಕಾಣದಂತೆ ಬಗ್ಗಿ ಕೂತು ಕಟ್ಟು ಬಿಚ್ಚತೊಡಗಿದೆ.