ಬೀಸುಕಲ್ಲು ತಗೊಂಡು ಭಜನೆಗೆ ಹೋದ ಆಯಿ

ಕಳೆದ ವಾರ ಗೋಕಾಕದಲ್ಲಿ ಮಗಳ ಮನೆಯ ಹತ್ತಿರದ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದೆ. ಡಬ್ಬಿಗೆ ಬಿದ್ದ ಹಿಟ್ಟಿನಲ್ಲಿ ಕೈ ಇಟ್ಟೆ, ಬಿಸಿ. ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿಯಿತು. “ಹಿಟ್ಟಿಗಿ ಜ್ವರ ಬಂದೈತಿ ನೋಡ” ಎನ್ನುತ್ತಿದ್ದಳು ಆಗ ಹಳ್ಳಿಯಲ್ಲಿ ನಮ್ಮ ಬಾಜೂಮನಿ ಆಯಿ. ಅಲ್ಲೇ ನಕ್ಕುಬಿಟ್ಟೆ. ಪಾಳಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು... ನೋಡಲಿ.

ನಾನು ಹುಕ್ಕೇರಿ ಕಡೆಯವಳು. ಮದುವೆಯಾಗಿ ಮೂಡಲಗಿ ಹತ್ತಿರದ ಹಳ್ಳಿಗೆ ಬಂದಾಗ ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗಂಡನ ಮನೆಯಲ್ಲಿ ಸೊಸೆಯ ದನಿ ಪಡಸಾಲೆಗೆ ಕೇಳಬಾರದು. ನನ್ನದೋ ಗಂಡಸರ ಕಂಠ. ತವರಿನಲ್ಲಿ ಸೋಬಾನೆ ಹಾಡಲು ಕುಳಿತರೆ ಗೆಳತಿಯರೇ ನನ್ನನ್ನು ಹಿಂದಕ್ಕೆ ತಳ್ಳುತ್ತಿದ್ದರು. ಬಾಯಿ ಮುಚ್ಚಿಕೊಂಡಿರುವುದು ನನಗೆ ಮೊದಲಿನಿಂದಲೂ ರೂಢಿ.

ಆದರೆ ನಸುಕಿನಲ್ಲಿ ಬೀಸಲು ಕೂಡುವ ಹೊತ್ತಿಗೆ ಯಾರ ತಕರಾರೂ ಇರಲಿಲ್ಲ. ನಮ್ಮ ಬೀಸುಕಲ್ಲು ದೊಡ್ಡದು, ಒಬ್ಬರಿಂದ ತಿರುಗದು. ಆಯಿಯ ಮನೆಯಲ್ಲಿ ಕಲ್ಲಿರಲಿಲ್ಲ. ಆಕೆ ತನ್ನ ಜೋಳ ತಂದು ನನ್ನೆದುರು ಕೂಡುತ್ತಿದ್ದಳು. ಒಂದೇ ಗೂಟಕ್ಕೆ ಇಬ್ಬರ ಕೈ. ಆಕೆ ಬೀಸುವ ಪದದ ಒಂದು ಸೊಲ್ಲು ಎತ್ತಬೇಕು, ನಾನು ಅದನ್ನು ತಿರುಗಿ ಹೇಳಬೇಕು. ಮೊದಲ ದಿನ ನಾನು ಮೆಲ್ಲಗೆ ಗುನುಗಿದೆ. ಆಯಿ ಗೂಟ ಹಿಡಿದು ನಿಲ್ಲಿಸಿಬಿಟ್ಟಳು.

“ಯಾರಿಗಿ ಅಂಜತಿ?”

“ನನ್ನ ದನಿ ಚಲೋ ಇಲ್ರಿ ಆಯಿ.”

“ಚಲೋ ದನಿ ಕೇಳಿದವರ್ಯಾರು? ಕಲ್ಲಿನ ಸಪ್ಪಳದ ಮ್ಯಾಲ ಕೇಳಬೇಕು, ಅಷ್ಟ.”

ಹೀಗೆ ನಾನು ಹಾಡಿದೆ. ಅತ್ತೆ ತಡೆಯಲಿಲ್ಲ. ಕಲ್ಲಿನ ಮುಂದಿನ ಹಾಡು ಕೆಲಸದ ಲೆಕ್ಕಕ್ಕೇ ಸೇರುತ್ತಿತ್ತು. ದಿನವಿಡೀ ತುಟಿ ಬಿಚ್ಚದ ನಾನು ಆ ಒಂದು ತಾಸಿನ ಮೇಲೆಯೇ ಬದುಕಿದ್ದೆ ಎಂದರೆ ಸುಳ್ಳಲ್ಲ.

ಆಮೇಲೆ ಊರಿಗೆ ಗಿರಣಿ ಬಂತು. ಎಂಜಿನ್ನು ಪುಕ್‌ಪುಕ್ ಎಂದು ಹೊಗೆ ಬಿಡುತ್ತ ಓಣಿಯ ಜೋಳವನ್ನೆಲ್ಲ ನುಂಗಿತು. ಹೆಂಗಸರ ರಟ್ಟೆಗೆ ಸುಖ ಸಿಕ್ಕಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಲ್ಲು ಗೋಡೆಗೆ ಆತು ಕುಳಿತಿತು. ಆಯಿ ಬರುವುದು ನಿಂತಿತು. ಒಂದು ದಿನ ಕಸ ಹೊಡೆಯುತ್ತ ಹಳೆಯ ಪದವೊಂದನ್ನು ಹಾಡಿಕೊಂಡೆ. “ಬೀಸೂ ಕೆಲಸಿಲ್ಲದ ಯಾಕ ಒದರತಿ?” ಎಂದಳು ಅತ್ತೆ. ನನ್ನ ಬಾಯಿ ಮತ್ತೆ ಮುಚ್ಚಿತು.

ನೀರಿಗೆ ಹೋದಾಗ ಆಯಿಗೆ ಇದನ್ನು ಹೇಳಿ ಕಣ್ಣೀರು ಹಾಕಿದೆ. ಆಕೆ ಸಮಾಧಾನ ಹೇಳಲಿಲ್ಲ. ಕೊಡ ಕೆಳಗಿಟ್ಟು ಅಲ್ಲೇ ಹೊಸ ಪದ ಕಟ್ಟಿದಳು:

ಗಿರಣಿ ಬಂತಂತ್ಹೇಳಿ ಕೊರಳ್ಯಾಕ ಮುಚ್ಚಲಿ
ಕಲ್ಲೀಗಿ ಕೊರಳ ಮಾರಿಲ್ಲ, ತಂಗೆವ್ವ
ಎದಿಯಾನ ಪದಕ್ಕ ಕದವಿಲ್ಲ

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸೋಮವಾರ ಸಂಜೆ ಗಂಡಸರ ಭಜನೆ ನಡೆಯುತ್ತಿತ್ತು. ನಾವೂ ಅಲ್ಲಿ ಕೂತು ಹಾಡೋಣ ಎಂದಳು ಆಯಿ. ಓಣಿಯ ಹೆಂಗಸರನ್ನು ತನ್ನ ದನದ ಕೊಟ್ಟಿಗೆಯಲ್ಲಿ ಸೇರಿಸಿದಳು. ಅಲ್ಲಿ ಒಂದು ಪಜೀತಿ ಆಯಿತು. ಕಲ್ಲಿಲ್ಲದೆ ನಮಗೆ ತಾಳವೇ ಸಿಗಲಿಲ್ಲ. ಕಲ್ಲು ಒಂದು ಸುತ್ತು ಬರುವಷ್ಟಕ್ಕೆ ಒಂದು ಉಸಿರು ಎಂದು ಕಲಿತವರು ನಾವು. ಒಬ್ಬಳು ಸೊಲ್ಲು ಮುಗಿಸಿ ಕುಳಿತರೆ ಇನ್ನೊಬ್ಬಳು ನಡುವೆಯೇ ಇದ್ದಳು. ಕೊನೆಗೆ ನೋಡಿದರೆ ಎಲ್ಲರ ಬಲಗೈ ತಾನಾಗಿ ಗಾಳಿಯಲ್ಲಿ ಗರಗರ ತಿರುಗುತ್ತಿದೆ. ಆಗ ದನಿ ಕೂಡಿತು. ಎಮ್ಮೆಗಳು ಮೇವು ಬಿಟ್ಟು ನಮ್ಮನ್ನೇ ನೋಡಿದವು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಸೋಮವಾರ ಗುಡಿಗೆ ಹೋದೆವು. ಊರ ಹಿರಿಯರೊಬ್ಬರು ಕಟ್ಟೆಯ ಮೆಟ್ಟಿಲಲ್ಲೇ ತಡೆದರು. “ಹೆಣ್ಮಕ್ಕಳು ಗುಡಿಗಿ ಕೆಲಸಕ್ಕ ಬರ್ರಿ, ಬ್ಯಾಡ ಅನ್ನೂದಿಲ್ಲ. ಕುಂತು ಹಾಡಾಕ ಅಲ್ಲ.”

ಆಯಿ ಸೆರಗು ಸರಿಮಾಡಿಕೊಂಡಳು. “ಆತ್ರಿ. ಕೆಲಸಕ್ಕ ಬರ್ತೇವಿ.”

ಆಕೆ ಅಷ್ಟು ಬೇಗ ಸೋತಳಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಮುಂದಿನ ಸೋಮವಾರ ನಮ್ಮ ಬಾಗಿಲಿಗೆ ಎತ್ತಿನ ಚಕ್ಕಡಿ ತಂದು ನಿಲ್ಲಿಸಿದಳು. ಭಜನೆಯ ನಂತರ ಗುಡಿಯಲ್ಲಿ ಎಲ್ಲರಿಗೂ ಜೋಳದ ನುಚ್ಚು ಬಡಿಸುವ ಪದ್ಧತಿ. ಗಿರಣಿಗೆ ನುಚ್ಚು ಒಡೆಯಲು ಬಾರದು, ಹಿಟ್ಟು ಮಾಡಿಬಿಡುತ್ತದೆ. ಅಂಬಲಿಯಂಥ ನುಚ್ಚು ಉಂಡು ಊರೇ ಬೇಸತ್ತಿತ್ತು. “ದೇವರ ನುಚ್ಚು ಒಡಿಯಾಕ ನಿಮ್ಮ ಕಲ್ಲು ಬೇಕು. ಸೊಸೀನೂ ಬೇಕು” ಎಂದಳು ಅತ್ತೆಗೆ. ದೇವರ ಕೆಲಸಕ್ಕೆ ಹೇಗೆ ಇಲ್ಲ ಅಂದಾಳು ಅತ್ತೆ?

ಕಟ್ಟೆಯ ಒಂದು ಬದಿಗೆ ಗಂಡಸರ ತಾಳ, ಡಪ್ಪು. ಇನ್ನೊಂದು ಬದಿಗೆ ನಮ್ಮ ಕಲ್ಲು. ಆಯಿ ಎದುರು ಕುಳಿತು ಜೋಳ ಹಾಕಿದಳು, ಗೂಟ ಹಿಡಿದಳು, ಸೊಲ್ಲು ಎತ್ತಿದಳು. ಡಪ್ಪು ನಿಂತಿತು. ಅದೇ ಹಿರಿಯರು ಎದ್ದು ಬಂದರು.

“ಏನಿದು?”

“ಕೆಲಸಾ ಮಾಡಾಕತ್ತೇವ್ರಿ. ನೀವ ಹೇಳಿದ್ರಿ.”

“ಬೀಸ್ರಿ. ಹಾಡಬ್ಯಾಡ್ರಿ.”

“ಹಾಡದ ಬೀಸಿದ್ದು ದೇವರಿಗಿ ಸಲ್ಲೂದಿಲ್ರಿ. ನಿಮ್ಮ ಅವ್ವಾರೂ ಹಂಗ ಬೀಸಿದವರಲ್ಲ.”

ಅವರು ನಿಂತೇ ಇದ್ದರು. ಆಯಿ ನನ್ನ ಮುಖ ನೋಡಿದಳು. ಸೊಲ್ಲು ತಿರುಗಿ ಹೇಳುವ ಪಾಳಿ ನನ್ನದು. ಮೆಟ್ಟಿಲ ಕೆಳಗೆ ಅತ್ತೆ ನಿಂತಿದ್ದಳು. ನಾನು ಹಾಡದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಕಲ್ಲು ಮತ್ತೆ ಗೋಡೆಗೆ, ನಾನು ಮತ್ತೆ ಒಳಗೆ. ಯಾವುದೋ ಹಟ ಬಂತು. ನನ್ನ ಗಂಡುಕಂಠವನ್ನು ಇದ್ದಷ್ಟೂ ಬಿಟ್ಟೆ. ಅದು ಗುಡಿಯ ಒಳಗೆ ಹೋಗಿ ತಿರುಗಿ ಬಂದು ನನಗೇ ಕೇಳಿಸಿತು. ಹಿಂದಿನಿಂದ ಓಣಿಯ ಹೆಂಗಸರೆಲ್ಲ ಕೂಡಿದರು. ಹಿರಿಯರು ಹೋಗಿ ಕಂಬಕ್ಕೆ ಒರಗಿ ಕುಳಿತರು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದಳು, “ಇಷ್ಟ ದೊಡ್ಡ ದನಿ ಎಲ್ಲಿ ಇಟ್ಟಿದ್ದಿ?”

“ಇಲ್ಲೇ ಇತ್ರಿ ಅತ್ತ್ಯಾರ” ಎಂದೆ.

ಕೆಲವು ತಿಂಗಳಲ್ಲಿ ಹಿರಿಯರು ನುಚ್ಚನ್ನೇ ನಿಲ್ಲಿಸಿ ಚುರುಮುರಿ, ಸಕ್ಕರೆ ಹಂಚುವ ಪದ್ಧತಿ ತಂದರು. ಕೆಲಸವಿಲ್ಲದಿದ್ದರೆ ನಾವು ಬರುವುದಿಲ್ಲ ಎಂದು ಅವರ ಎಣಿಕೆ. ಖಾಲಿ ಕಲ್ಲು ತಿರುಗಿಸಬಾರದು, ಮನೆಗೆ ಕೇಡು ಎನ್ನುತ್ತಾರೆ. ಹಾಗಾಗಿ ಕಲ್ಲು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ ಕಟ್ಟೆಯ ಮೇಲೆ ಕುಳಿತು, ಗಾಳಿಯಲ್ಲಿ ಕೈ ತಿರುವುತ್ತ ಹಾಡಿದೆವು. ನಗುವವರು ನಕ್ಕರು. ಏಳಿರಿ ಎನ್ನುವ ಧೈರ್ಯ ಮಾತ್ರ ಆಗ ಯಾರಿಗೂ ಉಳಿದಿರಲಿಲ್ಲ.

ಆಯಿಗೆ ಕೊನೆಕೊನೆಗೆ ದಮ್ಮು ಹತ್ತಿ ಉಸಿರು ಸಾಲುತ್ತಿರಲಿಲ್ಲ. ಆದರೂ ಮೊದಲ ಸೊಲ್ಲನ್ನು ಬೇರೆಯವರಿಗೆ ಕೊಡಲಿಲ್ಲ. ಅರ್ಧ ಹಾಡಿ ಕೆಮ್ಮುವಳು, ನಾವು ಕಾಯುವೆವು. ಒಂದು ಚಳಿಗಾಲ ದಾಟಲಿಲ್ಲ ಆಕೆ. ತವರಿನವರು ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಆ ಕಟ್ಟೆಯ ಮೇಲೆ ಕುಳಿತವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಈಗ ನಾನಿರುವ ಗೋಕಾಕದ ಈ ಮಗಳ ಮನೆಯಲ್ಲಿ ದಿನಾ ನಸುಕಿನಲ್ಲಿ ಎದ್ದು ಹಾಡುತ್ತೇನೆ. ಮೊದಲ ಸೊಲ್ಲು ಆಯಿಯದು, ಅದನ್ನು ನಾನು ಮುಟ್ಟುವುದಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತಿರುತ್ತೇನೆ... ಆಮೇಲೆ ನನ್ನದನ್ನು ಹೇಳುತ್ತೇನೆ. ಮೊನ್ನೆ ಕೆಳಗಿನ ಮನೆಯಾಕೆ ಮೇಲೆ ಬಂದು, “ಅಜ್ಜಿ, ಒಂಚೂರು ಸಣ್ಣ ದನೀಲೆ ಹಾಡ್ರಲಾ” ಎಂದಳು.

ಆಗೂದಿಲ್ಲವ್ವ ಎಂದೆ.